ಆಯಾ ಸಂಬಳ, ಏಜೆನ್ಸಿ ಕಮಿಷನ್: ವಾಕಡ್‌ನ ನಮ್ಮ ಮನೆ ಲೆಕ್ಕ

ಹೆರಿಗೆ ರಜೆ 26 ವಾರ. 2017ರ ತಿದ್ದುಪಡಿಗೆ ಮುಂಚೆ 12 ವಾರ ಇತ್ತು, ಆ ಲೆಕ್ಕಕ್ಕೆ ನಮ್ಮ ಪೀಳಿಗೆಯವರು ಪುಣ್ಯವಂತರೇ. ಆದರೂ ರಜೆ ಮುಗಿಯುವ ಹೊತ್ತಿಗೆ ಮಗುವಿಗೆ ಆರು ತಿಂಗಳು. ಆಗಷ್ಟೇ ಕೂರಲು ಕಲಿಯುತ್ತಿರುತ್ತದೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ನಾವಿರುವುದು ಪುಣೆಯ ವಾಕಡ್‌ನಲ್ಲಿ. ಇದೇ ಊರಿನಲ್ಲಿ ನನ್ನ ಆಫೀಸು ಹಿಂಜೆವಾಡಿಯಲ್ಲಿ, ಗಂಡನದು ಖರಾಡಿಯಲ್ಲಿ. ಅಮ್ಮ, ಅತ್ತೆ ಇಬ್ಬರೂ ದಾವಣಗೆರೆಯಲ್ಲಿ. ಬಂದು ಒಂದೆರಡು ತಿಂಗಳು ಇರಬಲ್ಲರು, ವರ್ಷಗಟ್ಟಲೆ ಆಗಲ್ಲ. ನಾವು ವಿಚಾರಿಸಿದ ಡೇಕೇರ್‌ಗಳು ಒಂದು ವರ್ಷ ತುಂಬದ ಮಗುವನ್ನು ತಗೊಳ್ಳಲ್ಲ ಅಂದವು. ಹಾಗಾಗಿ ಮನೆಗೇ ಒಬ್ಬರು ಬರಬೇಕಾಯಿತು.

ಪುಣೆಗೆ ಬಂದ ನಮ್ಮ ಕಡೆಯ ಹುಡುಗಿಯರು ನನ್ನನ್ನು ಆಗಾಗ ಕೇಳುತ್ತಾರೆ: "ಅಕ್ಕ, ಆಯಾಗೆ ಎಷ್ಟು ಕೊಡ್ತೀರಿ? ಏಜೆನ್ಸಿಯಿಂದ ತಗೊಳ್ಳೋದು ಒಳ್ಳೇದಾ?" ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಪೂರ್ತಿ ಲೆಕ್ಕ ಇಲ್ಲಿ ಬರೆದಿಡುತ್ತಿದ್ದೇನೆ.

ನಾವು ಹುಡುಕುವಾಗ ವಾಕಡ್, ಹಿಂಜೆವಾಡಿ ಕಡೆ ನಮಗೆ ಹೇಳಿದ ದರ ಹೀಗಿತ್ತು. ಎಂಟು ಗಂಟೆಗೆ ತಿಂಗಳಿಗೆ 14,000 ರೂಪಾಯಿ ಆಸುಪಾಸು. ಹತ್ತು ಗಂಟೆಗೆ 18ರಿಂದ 20 ಸಾವಿರ. ಮನೆಯಲ್ಲೇ ಉಳಿದುಕೊಳ್ಳುವವರಿಗೆ 25,000ದಿಂದ ಮೇಲೆ, ಊಟ ತಿಂಡಿ ನಮ್ಮದು. ಬಾಣಂತನಕ್ಕೆ ಬರುವ ಜಾಪಾ ಬಾಯಿಯವರ ದರ ಇವೆಲ್ಲಕ್ಕಿಂತ ಜಾಸ್ತಿ. ಮುಲುಂಡ್‌ನಲ್ಲಿರುವ ನಾದಿನಿಗೆ ಮನೆಯಲ್ಲೇ ಉಳಿಯುವವರಿಗೆ 30,000 ಕೇಳಿದ್ದರು, ಅದು ಮುಂಬೈ. ಇಲ್ಲಿ ದರಕ್ಕೆ ಒಂದು ಪಟ್ಟಿ ಅಂತ ಇಲ್ಲ. ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಂದು ಸಂಖ್ಯೆ ಹಾಕುತ್ತಾರೆ, ಮಿಕ್ಕವರು ಅದನ್ನೇ ಹಿಡಿದುಕೊಳ್ಳುತ್ತಾರೆ.

ನಮಗೆ ಈ ಊರಿನಲ್ಲಿ ಗುರುತಿನವರು ಕಡಿಮೆ. ಏಜೆನ್ಸಿಗೆ ಹೋದೆವು. ಹತ್ತು ಗಂಟೆ ಕೆಲಸ, ಭಾನುವಾರ ರಜೆ, ಸಂಬಳ 20,000. ಏಜೆನ್ಸಿಯ ಶುಲ್ಕ ಒಂದು ತಿಂಗಳ ಸಂಬಳದಷ್ಟು, ಅದರ ಮೇಲೆ 18% ಜಿಎಸ್‌ಟಿ. ಅಂದರೆ 23,600 ರೂಪಾಯಿ ಮೊದಲೇ ಕಟ್ಟಬೇಕು. ಕರಾರು 11 ತಿಂಗಳಿಗೆ.

ಈ 23,600 ಒಂದೇ ಸಲ ಕೊಡುವುದರಿಂದ ತಿಂಗಳ ಖರ್ಚು ಅಂದಾಗ ಲೆಕ್ಕಕ್ಕೆ ಬರಲ್ಲ. ನಾನು ಕೂತು ಕೂಡಿಸಿದೆ. 11 ತಿಂಗಳ ಸಂಬಳ 2,20,000. ಶುಲ್ಕ 23,600. ದೀಪಾವಳಿಗೆ ಒಂದು ತಿಂಗಳ ಬೋನಸ್ 20,000. ಒಟ್ಟು 2,63,600. ತಿಂಗಳಿಗೆ ಭಾಗಿಸಿದರೆ ಸುಮಾರು 24,000. ಅದೇ ಕೆಲಸಕ್ಕೆ ಬರುವ ಆಯಾ ಅಕ್ಕನ ಕಡೆಯಿಂದ ನೋಡಿ. ತಿಂಗಳಿಗೆ 26 ದಿನ, ದಿನಕ್ಕೆ ಹತ್ತು ಗಂಟೆ, ಅಂದರೆ 260 ಗಂಟೆ. ಗಂಟೆಗೆ 77 ರೂಪಾಯಿ ಬಿತ್ತು. ಒಂದು ಮಗುವಿನ ಜೀವ ಕಾಯುವ ಕೆಲಸಕ್ಕೆ!

ಬೋನಸ್ ಯಾಕೆ ಅಂತ ಕೆಲವರು ಕೇಳುತ್ತಾರೆ. ಪುಣೆಯಲ್ಲಿ ಅದು ರೂಢಿ, ಅದರ ಹಿಂದೆ ಇಲ್ಲಿನ ಹೆಂಗಸರ ಹೋರಾಟ ಇದೆ. 1980ರಲ್ಲಿ ಈ ಊರಿನ ಮನೆಗೆಲಸದವರು ಮುಷ್ಕರ ಮಾಡಿದ್ದರು. ಸಂಬಳ ಹೆಚ್ಚಿಸಿ, ರಜೆ ಕೊಡಿ ಅಂತ ಬೀದಿಗಿಳಿದರು, ಆಮೇಲೆ ಮೋಲಕರಣಿಯರ, ಅಂದರೆ ಮನೆಗೆಲಸದ ಹೆಂಗಸರ, ಸಂಘಟನೆ ಕಟ್ಟಿಕೊಂಡರು. ಆ ಬೋನಸ್ಸನ್ನು ಚೌಕಾಸಿ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಮ್ಮ ಮನೆಗೆ ಬಂದ ಆಯಾ ಅಕ್ಕ ಅಫಜಲಪುರ ಕಡೆಯವರು. ಮದುವೆಯಾಗಿ ಅಕ್ಕಲಕೋಟೆಗೆ, ಅಲ್ಲಿಂದ ಕೆಲಸ ಹುಡುಕಿಕೊಂಡು ಪುಣೆಗೆ. ಈಗ ಥೇರ್ಗಾಂವ್‌ನಲ್ಲಿ ಬಾಡಿಗೆ ಖೋಲಿ. ಬಾಗಿಲಲ್ಲಿ ನಿಂತು ಮರಾಠಿಯಲ್ಲಿ ಮಾತು ಶುರು ಮಾಡಿದರು. ನಾನು ಒಳಗೆ ತಿರುಗಿ ಗಂಡನಿಗೆ ಕನ್ನಡದಲ್ಲಿ ಏನೋ ಅಂದಿದ್ದೇ ತಡ, "ಅಯ್ಯ, ನೀವು ನಮ್ಮ ಕಡೇದೋರೇನ್ರೀ?" ಅಂದರು. ಮಗು ನೋಡುವ ಅವರ ಕೈ ಹೇಗೆ ಅಂತ ಹೇಳಬೇಕು. ರಾಗಿ ಸರಿ ಕಾಸಿ ಇಳಿಸಿದ ಮೇಲೆ ಚಮಚದಿಂದ ಒಂದು ಹನಿ ಮಣಿಕಟ್ಟಿನ ಒಳಗೆ ಬಿಟ್ಟುಕೊಳ್ಳುತ್ತಾರೆ. ಸ್ವಲ್ಪ ಹೊತ್ತು ಕಾಯುತ್ತಾರೆ. ಇನ್ನೊಂದು ಹನಿ. ಆಮೇಲೆ ಮಗಳ ಕೆಳತುಟಿಗೆ ತಾಗಿಸಿ, ಅವಳೇ ಬಾಯಿ ತೆರೆಯುವ ತನಕ ಸುಮ್ನೆ ಕೂರುತ್ತಾರೆ. ತುರುಕಲ್ಲ. ನನಗೆ ಅಷ್ಟು ತಾಳ್ಮೆ ಇಲ್ಲ.

ಕೆಲಸಕ್ಕೆ ಸೇರಿ ಸ್ವಲ್ಪ ದಿನವಾದ ಮೇಲೆ, ಮಾತಿನ ಮಧ್ಯೆ ಒಂದು ವಿಷಯ ಹೊರಗೆ ಬಂತು. ಅವರ ಮೊದಲ ಸಂಬಳದಲ್ಲಿ ಅರ್ಧ ಏಜೆನ್ಸಿಗೆ ಹೋಗಿತ್ತು. "ಹಾಂಗೇ ಇರ್ತದ್ರೀ, ಎಲ್ಲಾ ಕಡೆ ತಗೋತಾರ" ಅಂದರು. ನಾವು ಕೊಟ್ಟ ಶುಲ್ಕದಲ್ಲಿ ತೆರಿಗೆ ಬಿಟ್ಟು 20,000, ಅವರ ಕಡೆಯಿಂದ 10,000. ಒಂದು ಪರಿಚಯ ಮಾಡಿಸಿದ್ದಕ್ಕೆ 30,000 ರೂಪಾಯಿ. ನಮ್ಮ ಕೈಗೆ ಬಂದ ಕರಾರಿನಲ್ಲಿ ಈ ಹತ್ತು ಸಾವಿರದ ಸುದ್ದಿಯೇ ಇಲ್ಲ. ಆ ತಿಂಗಳು ಅವರು ಖೋಲಿ ಬಾಡಿಗೆಗೆ ಬಡ್ಡಿಯ ಮೇಲೆ ಸಾಲ ತಂದಿದ್ದರು. ಇದು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಏಜೆನ್ಸಿಯಿಂದ ಉಪಯೋಗ ಇಲ್ಲ ಅಂತ ನಾನು ಹೇಳಲ್ಲ. ಯಾರ ಪರಿಚಯವೂ ಇಲ್ಲದವರಿಗೆ ಬೇಗ ಜನ ಸಿಗುತ್ತಾರೆ. ನಾವು ನಿಜವಾಗಿ ದುಡ್ಡು ಕೊಡುವುದು ಬದಲಿ ಆಯಾ ಸಿಗುತ್ತಾರೆ ಅನ್ನುವ ಭರವಸೆಗೆ. ಆದರೆ ಆ ಭರವಸೆಯ ಷರತ್ತು ಸಣ್ಣ ಅಕ್ಷರದಲ್ಲಿರುತ್ತದೆ. ನಮ್ಮದರಲ್ಲಿ ಎರಡೇ ಬದಲಿ, ಅದೂ ಏಳು ದಿನ ಮುಂಚೆ ತಿಳಿಸಿದರೆ ಮಾತ್ರ. ಆಯಾ ಇದ್ದಕ್ಕಿದ್ದಂತೆ ಬರುವುದು ನಿಲ್ಲಿಸಿದರೆ ಏಳು ದಿನ ಮುಂಚೆ ನಾನು ಹೇಗೆ ತಿಳಿಸಲಿ? ಕೇಳಿದ್ದಕ್ಕೆ "ನೋಡೋಣ ಮೇಡಂ" ಅಂದರು. ಆ ಸಾಲನ್ನು ಸಹಿ ಮಾಡುವ ಮೊದಲೇ ತಿದ್ದಿಸಿದೆ. ನೀವೂ ತಿದ್ದಿಸಿ, ಒಪ್ಪುತ್ತಾರೆ.

ಜಿಎಸ್‌ಟಿ ಬಗ್ಗೆ ಒಂದು ಮಾತು. ವರ್ಷಕ್ಕೆ 20 ಲಕ್ಷದ ಒಳಗೆ ವಹಿವಾಟು ಇರುವ ಸಣ್ಣ ಏಜೆನ್ಸಿಗಳು ಸಾಮಾನ್ಯವಾಗಿ ನೋಂದಣಿ ಮಾಡಿಸಬೇಕಾಗಿಲ್ಲ. ನೋಂದಣಿ ಇಲ್ಲದವರು ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಜಿಎಸ್‌ಟಿ ಕೇಳಿದರೆ ಬಿಲ್ ಕೊಡಲಿ, ಅದರಲ್ಲಿ 15 ಅಂಕಿ ಅಕ್ಷರಗಳ ಜಿಎಸ್‌ಟಿ ನಂಬರ್ ಇರಬೇಕು, ಮಹಾರಾಷ್ಟ್ರದ್ದಾದರೆ 27ರಿಂದ ಶುರುವಾಗುತ್ತದೆ. ನನ್ನ ಗೆಳತಿಯೊಬ್ಬಳು ಬಿಲ್ ಕೇಳಿದ ಕೂಡಲೇ ಅವಳ ಏಜೆನ್ಸಿಯವರು 18% ಬಿಟ್ಟುಬಿಟ್ಟರು.

ಇನ್ನೊಂದು ಬಗೆಯ ಏಜೆನ್ಸಿ ಇದೆ. ಅಲ್ಲಿ ಸಂಬಳವನ್ನೂ ಏಜೆನ್ಸಿಗೇ ಕಟ್ಟಬೇಕು, ಅವರು ಕಡಿದುಕೊಂಡು ಆಯಾಗೆ ಕೊಡುತ್ತಾರೆ. ನಾನು ಅದಕ್ಕೆ ಒಪ್ಪಲಿಲ್ಲ. ನನ್ನ ಮಗುವನ್ನು ಎತ್ತಿಕೊಂಡವರ ಕೈಗೆ ಎಷ್ಟು ಸೇರುತ್ತದೆ ಅಂತ ನನಗೆ ಗೊತ್ತಿರಬೇಕು. ಈ ಕ್ಷೇತ್ರಕ್ಕೆ ಗಟ್ಟಿ ಕಾನೂನು ಬೇಕು ಅನ್ನುವುದು ಬರೀ ನನ್ನ ಮಾತಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮನೆಗೆಲಸದವರ ರಕ್ಷಣೆಗೆ ಕಾನೂನು ತರುವ ಬಗ್ಗೆ ಸಮಿತಿ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ನಮ್ಮ ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತು ಮಾಡಿತ್ತು. ಮಹಾರಾಷ್ಟ್ರದಲ್ಲಿ 2008ರ ಕಾಯ್ದೆ ಪ್ರಕಾರ ಮನೆಗೆಲಸದವರಿಗೆ ಕಲ್ಯಾಣ ಮಂಡಳಿ ಇದೆ. ನಿಮ್ಮ ಮನೆಗೆ ಬರುವವರು ಅಲ್ಲಿ ಹೆಸರು ಬರೆಸಿದ್ದಾರಾ ಅಂತ ಕೇಳಿ, ಇಲ್ಲದಿದ್ದರೆ ಅರ್ಜಿ ತುಂಬಲು ಜೊತೆಗೆ ಕೂತುಕೊಳ್ಳಿ.

11 ತಿಂಗಳು ಮುಗಿಯುತ್ತಾ ಬಂದಾಗ ಏಜೆನ್ಸಿಯಿಂದ ಫೋನ್ ಬಂತು. ನವೀಕರಣ ಮಾಡಿಸಿ, ಮತ್ತೆ 23,600 ಕಟ್ಟಿ ಅಂತ. ಅದೇ ಅಕ್ಕ, ಅದೇ ಮನೆ, ಅವರು ಹೊಸದಾಗಿ ಮಾಡುವುದು ಏನೂ ಇಲ್ಲ. ಕರಾರು ತೆಗೆದು ಓದಿದೆ. ಅವಧಿಯೊಳಗೆ ನೇರವಾಗಿ ಇಟ್ಟುಕೊಂಡರೆ ದಂಡ ಅಂತಿತ್ತು, ಅವಧಿ ಮುಗಿದ ಮೇಲೆ ಯಾವ ನಿರ್ಬಂಧವೂ ಇರಲಿಲ್ಲ. 23,600ನ್ನು 11ರಿಂದ ಭಾಗಿಸಿ ನೋಡಿ, ತಿಂಗಳಿಗೆ ಎರಡು ಸಾವಿರಕ್ಕಿಂತ ಸ್ವಲ್ಪ ಜಾಸ್ತಿ. ಆ ದುಡ್ಡು ಅಕ್ಕನಿಗೇ ಸೇರಲಿ ಅಂತ ಇಬ್ಬರೂ ನಿರ್ಧರಿಸಿದೆವು. ನವೀಕರಣ ಬೇಡ ಅಂತ ಏಜೆನ್ಸಿಗೆ ಬರೆದು ತಿಳಿಸಿದೆವು. ಸಂಬಳ 22,000 ಆಯಿತು.

ಈಗ ನಮ್ಮ ನಡುವೆ ಒಂದು ಹಾಳೆಯ ಕರಾರು ಇದೆ, ಕನ್ನಡದಲ್ಲಿ. ಅವರಿಗೆ ಓದಲು ಬರುವುದು ಕನ್ನಡವೇ. ಒಂದನೇ ತಾರೀಕು ಅವರ ಬ್ಯಾಂಕ್ ಖಾತೆಗೆ ಸಂಬಳ. ಭಾನುವಾರ ಬಿಟ್ಟು ತಿಂಗಳಿಗೆ ಎರಡು ರಜೆ, ಸಂಬಳ ಕಡಿಯುವಂತಿಲ್ಲ. ಹತ್ತು ಗಂಟೆ ದಾಟಿದರೆ ಗಂಟೆಗೆ 100. ಪಾತ್ರೆ, ಬಟ್ಟೆ ಅವರ ಕೆಲಸ ಅಲ್ಲ. ಬಿಡುವುದಾದರೆ ಯಾರೇ ಆಗಲಿ ಒಂದು ತಿಂಗಳು ಮುಂಚೆ ಹೇಳಬೇಕು. ಬದಲಿ ಆಯಾ ಭರವಸೆ ಈಗ ನಮಗಿಲ್ಲ, ನಿಜ. ಅವರು ಊರಿಗೆ ಹೋಗುವ ವಾರ ನಾವಿಬ್ಬರೂ ರಜೆ ಹಂಚಿಕೊಳ್ಳುತ್ತೇವೆ, ಇಲ್ಲವೇ ಅತ್ತೆ ದಾವಣಗೆರೆಯಿಂದ ರೈಲು ಹತ್ತುತ್ತಾರೆ. ಜೂನ್‌ನಲ್ಲಿ ಅಕ್ಕನ ಮಗನನ್ನು ಹೊಸ ಶಾಲೆಗೆ ಸೇರಿಸಬೇಕಂತೆ, ಆ ವಾರಕ್ಕೆ ಅತ್ತೆಯ ಟಿಕೆಟ್ ಈಗಲೇ ಮಾಡಿಸಿದ್ದೇವೆ.