ಹೇಝಲ್‌ನಟ್ ಸಿಪ್ಪೆ ಉಜ್ಜಿ ಎಸೆಯುವ ಮುನ್ನ

ಇಟಲಿಯ ಟ್ಯೂರಿನ್‌ನ ಅಂಗಡಿಗಳಲ್ಲಿ ಹೇಝಲ್‌ನಟ್ ಮೂರು ರೂಪದಲ್ಲಿ ಸಿಗುತ್ತದೆ: ಗಟ್ಟಿ ಚಿಪ್ಪಿನ ಸಮೇತ, ಚಿಪ್ಪು ಒಡೆದು ಕಂದು ಸಿಪ್ಪೆ ಹಾಗೇ ಉಳಿಸಿದ್ದು, ಮತ್ತು ಹುರಿದು ಸಿಪ್ಪೆ ತೆಗೆದ ಬಿಳಿ ಬೀಜ. ಊರಿಗೆ ಒಯ್ಯಲು ಕೊಳ್ಳುವಾಗ ಕೈ ಮೂರನೆಯದಕ್ಕೆ ಹೋಗುತ್ತದೆ, ಅದು ನೋಡಲು ಚೆಂದ. ಆರೋಗ್ಯಕ್ಕೆಂದು ಕೊಳ್ಳುವುದಾದರೆ ಎರಡನೆಯದನ್ನೇ ಕೊಳ್ಳಿ. ಪೊಟ್ಟಣದ ಮೇಲೆ ‘ಸ್ಗುಶಾತೆ’ ಎಂದಿರುವುದು ಬರೀ ಚಿಪ್ಪು ತೆಗೆದದ್ದು, ‘ತೊಸ್ತಾತೆ’ ಎಂದರೆ ಹುರಿದದ್ದು.

ಜಗತ್ತಿನ ಹೇಝಲ್‌ನಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಟರ್ಕಿಯ ಕಪ್ಪು ಸಮುದ್ರದ ದಂಡೆಯಲ್ಲಿ ಬೆಳೆಯುತ್ತದೆ. ಬಹುಕಾಲ ಎರಡನೇ ಸಾಲಿನಲ್ಲಿ ನಿಂತ ಇಟಲಿಯಲ್ಲಿ, ಟ್ಯೂರಿನ್ ಇರುವ ಪಿಯೆಮೊಂಟೆ ಪ್ರಾಂತ್ಯದ ಲಾಂಗೆ ಗುಡ್ಡಗಳ ‘ತೊಂದಾ ಜೆಂತಿಲೆ’ ತಳಿಗೆ ಬೇರೆಯೇ ಬೆಲೆ. ದುಂಡನೆಯ ಬೀಜ, ಒಳ್ಳೆಯ ಪರಿಮಳ, ಜೊತೆಗೆ ಹುರಿದೊಡನೆ ಸಿಪ್ಪೆ ಸಲೀಸಾಗಿ ಬಿಡುವ ಗುಣ. ಮಿಠಾಯಿ ಕಾರ್ಖಾನೆಗಳಿಗೆ ಬೇಕಾದ್ದೂ ಇದೇ. ನೆಪೋಲಿಯನ್ ಕಾಲದ ದಿಗ್ಬಂಧನದಲ್ಲಿ ಕೊಕೊ ದುಬಾರಿಯಾದಾಗ ಟ್ಯೂರಿನ್‌ನವರು ಚಾಕೊಲೇಟಿಗೆ ಈ ಬೀಜ ಬೆರೆಸಿದರೆಂಬ ಕಥೆ ಇಲ್ಲಿ ಎಲ್ಲರ ಬಾಯಲ್ಲಿದೆ. 1964ರಲ್ಲಿ ಅದೇ ಸೀಮೆಯ ಆಲ್ಬಾ ಊರಿನಿಂದ ನುಟೆಲ್ಲಾ ಬಂತು. ಅದರ ಯುರೋಪಿನ ಲೇಬಲ್ ಪ್ರಕಾರ ಹೇಝಲ್‌ನಟ್ ಪಾಲು 13% ಮಾತ್ರ, ಹಾಗಾಗಿ ಬ್ರೆಡ್ಡಿಗೆ ಬಳಿದುಕೊಂಡು ಬೀಜದ ಲಾಭ ಎಣಿಸಬೇಡಿ.

ಕಾರ್ಖಾನೆಯಲ್ಲಿ ಉದುರಿದ ಸಿಪ್ಪೆ ಬಹುಕಾಲ ಕಸದ ಲೆಕ್ಕದಲ್ಲೇ ಇತ್ತು. ಬೀಜದ ತೂಕದಲ್ಲಿ ಅದರ ಪಾಲು ಸುಮಾರು 2.5%, ಅಂದರೆ ಕಿಲೋಗೆ 25 ಗ್ರಾಂ. ಆದರೆ ಬೀಜದ ಪಾಲಿಫಿನಾಲ್‌ಗಳಲ್ಲಿ (ಸಸ್ಯಗಳಲ್ಲಿರುವ ಉತ್ಕರ್ಷಣ ನಿರೋಧಕ, ಅಂದರೆ ಆಂಟಿಆಕ್ಸಿಡೆಂಟ್, ಸಂಯುಕ್ತಗಳು) ಬಹುಪಾಲು ಅಲ್ಲೇ ಕೂತಿರುತ್ತದೆ, ನಾರೂ ಧಾರಾಳ. ಸಿಪ್ಪೆ ಸಮೇತದ ಹಸಿ ಹೇಝಲ್‌ನಟ್‌ನಲ್ಲಿ 100 ಗ್ರಾಂಗೆ ಸುಮಾರು 500 ಮಿಲಿಗ್ರಾಂ ಪ್ರೋಆಂಥೋಸಯನಿಡಿನ್ (ಒಂದು ಬಗೆಯ ಟ್ಯಾನಿನ್) ಅಳೆದಿದ್ದಾರೆ. ಬಾದಾಮಿಯಲ್ಲಿ ಇದು 200ಕ್ಕೂ ಕಡಿಮೆ. ಬಾಯಿ ಒಗರಾಗುವುದು ಇದರಿಂದಲೇ, ಇವು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಚೊಗರಿನಲ್ಲಿರುವುದೂ, ಮಂಗಳೂರಿನ ಗೋಡಂಬಿ ಕಾರ್ಖಾನೆಯ ಸಿಪ್ಪೆಯಲ್ಲಿರುವುದೂ ಇದೇ ಕುಲದ ಟ್ಯಾನಿನ್.

ಟ್ಯೂರಿನ್ ಪಕ್ಕದ ಗ್ರುಲ್ಯಾಸ್ಕೊದಲ್ಲಿ ವಿಶ್ವವಿದ್ಯಾಲಯದ ಕೃಷಿ ಮತ್ತು ಆಹಾರ ವಿಭಾಗವಿದೆ. ಅಲ್ಲಿನ ಸಂಶೋಧಕರು ಈ ಸಿಪ್ಪೆಯ ಪುಡಿಯನ್ನು ಪಾಸ್ತಾಗೆ, ಮೊಸರಿಗೆ ಬೆರೆಸಿ ನೋಡಿದ್ದಾರೆ. ಮೊಸರಿಗೆ ಹಾಕಿದ್ದು 3 ಮತ್ತು 6%. ಇಂಥ ಕೆಲಸಗಳಲ್ಲಿ ಮತ್ತೆ ಮತ್ತೆ ಕಾಣುವುದು ಒಂದೇ: ಪಾಲು ಏರಿದಷ್ಟೂ ನಾರು ಏರುತ್ತದೆ, ಬಣ್ಣ ಕಪ್ಪಾಗುತ್ತದೆ, ಒಗರು ಮುಂದೆ ಬರುತ್ತದೆ. ಹಾಲು ಕೊಡುವ ಕುರಿಗಳ ಮೇವಿಗೆ ಹಾಕಿದಾಗ ಹಾಲಿನ ಕೊಬ್ಬಿನಲ್ಲಿ ಓಲಿಕ್ ಆಮ್ಲ (ಆಲಿವ್ ಎಣ್ಣೆಯಲ್ಲಿ ಹೇರಳವಾಗಿರುವ ಕೊಬ್ಬಿನಾಮ್ಲ) ಹೆಚ್ಚಿದ್ದೂ ಇಟಲಿಯಲ್ಲಿ ದಾಖಲಾಗಿದೆ.

ಮನುಷ್ಯರ ಆರೋಗ್ಯದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮನುಷ್ಯರ ಮೇಲಿನ ಪ್ರಯೋಗಗಳು ಹೆಚ್ಚಾಗಿ ನಡೆದಿರುವುದು ಬೀಜದ ಮೇಲೆ, ಬರೀ ಸಿಪ್ಪೆಯ ಮೇಲಲ್ಲ. ಟರ್ಕಿಯಲ್ಲಿ ಕೊಲೆಸ್ಟರಾಲ್ ಹೆಚ್ಚಿದ್ದ 15 ಗಂಡಸರಿಗೆ ದಿನಕ್ಕೆ 40 ಗ್ರಾಂ ಕೊಟ್ಟು ನೋಡಿದರು. ನ್ಯೂಜಿಲೆಂಡ್‌ನಲ್ಲಿ ಇಡಿ, ಹೋಳು, ಪುಡಿ ಎಂದು ಮೂರು ಬಗೆಯಲ್ಲಿ ದಿನಕ್ಕೆ 30 ಗ್ರಾಂ ಕೊಟ್ಟರು, ಯಾವ ರೂಪದಲ್ಲಿ ತಿಂದರೂ ಫಲ ಹೆಚ್ಚುಕಡಿಮೆ ಒಂದೇ. ಎರಡೂ ಕಡೆ ರಕ್ತದ ಕೊಬ್ಬಿನ ಅಂಕಿಗಳು ಸುಧಾರಿಸಿದವು, ಆದರೆ ಪ್ರಯೋಗಗಳು ಚಿಕ್ಕವು, ಅವಧಿ ವಾರಗಳದು. ಇದರ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಎಣ್ಣೆಗೆ ಸಲ್ಲಬೇಕು: ಬೀಜದ 60% ಕೊಬ್ಬು, ಅದರ ಮುಕ್ಕಾಲು ಭಾಗ ಓಲಿಕ್ ಆಮ್ಲ. ಸಿಪ್ಪೆಯ ದೊಡ್ಡ ಟ್ಯಾನಿನ್ ಅಣುಗಳು ಸಣ್ಣ ಕರುಳಿನಲ್ಲಿ ಹೀರಿಕೆಯಾಗುವುದೇ ಇಲ್ಲ ಎನ್ನಬಹುದು. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಅವನ್ನು ಒಡೆದ ಮೇಲೆ ಹುಟ್ಟುವ ಚಿಕ್ಕ ಅಣುಗಳಷ್ಟೇ ರಕ್ತಕ್ಕೆ ಸೇರುತ್ತವೆ. ಆದ್ದರಿಂದ ಪ್ರನಾಳದಲ್ಲಿ ಅಳೆದ ಉತ್ಕರ್ಷಣ ನಿರೋಧಕ ಅಂಕಿ ತೋರಿಸಿ ಸಿಪ್ಪೆಯ ಸಾರದ ಮಾತ್ರೆ ಮಾರುವವರನ್ನು ನಂಬಬೇಕಿಲ್ಲ. ಅಮೆರಿಕದ ಕೃಷಿ ಇಲಾಖೆ ಅಂಥ ಅಂಕಿಗಳ ಪಟ್ಟಿಯನ್ನೇ, ದುರುಪಯೋಗವಾಗುತ್ತಿದೆಯೆಂದು, 2012ರಲ್ಲಿ ತೆಗೆದುಹಾಕಿತು.

ಇನ್ನು ಅಡುಗೆಮನೆ. ಓವನ್‌ನಲ್ಲಾದರೆ 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೇ ಪದರ ಹರವಿ 15 ನಿಮಿಷ. ಬಾಣಲೆಯಲ್ಲಾದರೆ ಸಣ್ಣ ಉರಿ, ಕೈ ಬಿಡದೆ ಆಡಿಸಬೇಕು. ಸಿಪ್ಪೆಯ ಬಣ್ಣ ನಂಬಬೇಡಿ, ಒಂದು ಬೀಜ ಹೋಳು ಮಾಡಿ ನೋಡಿ, ಒಳಗೆ ತಿಳಿ ಹೊಂಬಣ್ಣ ಬಂದರೆ ಸಾಕು. ಉರಿ ಹೆಚ್ಚಾದರೆ ಹೊರಗೆ ಗೊತ್ತಾಗುವ ಮೊದಲೇ ನಡುಭಾಗ ಕಂದಿ ಕಹಿಯಾಗಿರುತ್ತದೆ. ಸಿಪ್ಪೆ ಬೇಡವಾದ ಅಡುಗೆಗೆ ಬಿಸಿಯಿರುವಾಗಲೇ ಬಟ್ಟೆಯಲ್ಲಿ ಸುತ್ತಿ ಐದು ನಿಮಿಷ ಬಿಟ್ಟು ಉಜ್ಜಿ, ಮೊರದಲ್ಲಿ ಕೇರಿ. ಅಡುಗೆ ಸೋಡಾದ ವಿಧಾನವೂ ಇದೆ: ಅರ್ಧ ಲೀಟರ್ ಕುದಿವ ನೀರಿಗೆ ಮೂರು ದೊಡ್ಡ ಚಮಚ ಸೋಡಾ, 150 ಗ್ರಾಂ ಬೀಜ, ಮೂರು ನಿಮಿಷ. ನೊರೆ ಉಕ್ಕುವುದರಿಂದ ದೊಡ್ಡ ಪಾತ್ರೆಯೇ ಬೇಕು. ಸಿಪ್ಪೆ ಜಾರಿ ಬರುತ್ತದೆ, ನೀರು ಮಸಿಯಂತಾಗುತ್ತದೆ. ಸಿಪ್ಪೆಯ ಸತ್ವ ಆ ನೀರಿನಲ್ಲೇ ಚರಂಡಿಗೆ ಹೋಯಿತು ಎಂದು ತಿಳಿಯಿರಿ.

ಕೇರಿ ಉಳಿದ ಸಿಪ್ಪೆಯನ್ನು ಪೂರ್ತಿ ಆರಿಸಿ ಪುಡಿ ಮಾಡಿ. 500 ಗ್ರಾಂ ಬ್ರೆಡ್ ಹಿಟ್ಟಿಗೆ 25 ಗ್ರಾಂ ಸಾಕು, ನೀರು ಒಂದೆರಡು ಚಮಚ ಹೆಚ್ಚು, ನಾದಿ 20 ನಿಮಿಷ ಬಿಡಿ. ನಾರು ನೀರು ಕುಡಿಯಲು ಸಮಯ ಬೇಕು, ಇಲ್ಲದಿದ್ದರೆ ಹಿಟ್ಟು ಮೊದಲು ಸಡಿಲವೆನಿಸಿ ಆಮೇಲೆ ಬಿರಿಯುತ್ತದೆ. ಇದರ ಎರಡು ಪಟ್ಟು ಹಾಕಿದರೆ ಗೋಧಿಯ ಅಂಟಿನ ಜಾಲ ಹರಿದು ಬ್ರೆಡ್ ಕುಗ್ಗುತ್ತದೆ.

ಸಿಪ್ಪೆ ಸಮೇತ ಚಟ್ನಿಪುಡಿ ನಮ್ಮ ನಾಲಿಗೆಗೆ ಇನ್ನೂ ಚೆನ್ನಾಗಿ ಒಗ್ಗುತ್ತದೆ. ಹುರಿದ ಬೀಜ 150 ಗ್ರಾಂ, ಹುರಿಗಡಲೆ 50 ಗ್ರಾಂ, ಎಂಟು ಬ್ಯಾಡಗಿ ಮೆಣಸಿನಕಾಯಿ, ಐದು ಎಸಳು ಬೆಳ್ಳುಳ್ಳಿ, ಕರಿಬೇವು, ಉಪ್ಪು, ಚೂರು ಬೆಲ್ಲ. ಹುಣಸೆ ಶೇಂಗಾ ಚಟ್ನಿಪುಡಿಗೆ ಹಾಕುವ ಅರ್ಧದಷ್ಟೇ ಸಾಕು, ಹುಳಿ ಹೆಚ್ಚಿದರೆ ಒಗರು ಎದ್ದು ಕಾಣುತ್ತದೆ. ಮಸಾಲೆ ಮೊದಲು ಪುಡಿಯಾಗಲಿ, ಪೂರ್ತಿ ತಣ್ಣಗಾದ ಬೀಜ ಕೊನೆಗೆ, ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಹುರಿಗಡಲೆ ಇರುವುದೇ ಆ ಎಣ್ಣೆ ಹೀರಲು.

ಸಿಪ್ಪೆಯ ಪುಡಿಯಲ್ಲೂ ಎಣ್ಣೆಯ ಅಂಶವಿದೆ, ಬಿಗಿ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ, ಹಳೇ ಎಣ್ಣೆಯ ವಾಸನೆ ಬಂದರೆ ಎಸೆಯಿರಿ. ಸುಕ್ಕಾದ, ಬೂಷ್ಟಿನ ಬೀಜ ಆರಿಸಿ ತೆಗೆಯಿರಿ. ಹುರಿದ ಮಾತ್ರಕ್ಕೆ ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಪೂರ್ತಿ ನಾಶವಾಗುವುದಿಲ್ಲ. ರಕ್ತಹೀನತೆ ಇರುವವರು ಸಿಪ್ಪೆ ಸಮೇತದ ಬೀಜವನ್ನು ಊಟದ ಜೊತೆ ಬೇಡ, ಊಟಗಳ ನಡುವೆ ತಿನ್ನಲಿ, ಟ್ಯಾನಿನ್ ಕಬ್ಬಿಣಾಂಶ ಹಿಡಿದಿಡುತ್ತದೆ. ಯುರೋಪಿನಲ್ಲಿ ಬರ್ಚ್ ಮರದ ಪರಾಗಕ್ಕೆ ವಸಂತದಲ್ಲಿ ಸೀನುವವರಿಗೆ ಹಸಿ ಹೇಝಲ್‌ನಟ್‌ನಿಂದ ಬಾಯಿ ತುರಿಸುವುದುಂಟು. ಹುರಿದರೆ ಆ ತೊಂದರೆ ಎಷ್ಟೋ ಕಡಿಮೆ. ಆದರೆ ಬೀಜದ ಬೇರೆ ಕೆಲವು ಅಲರ್ಜಿಕಾರಕ ಪ್ರೋಟೀನುಗಳು ಬಿಸಿಗೆ ಬಗ್ಗುವಂಥವಲ್ಲ. ತುಟಿ ಊದುವುದು, ಉಸಿರು ಕಟ್ಟುವುದು ಒಮ್ಮೆ ಆಗಿದ್ದರೂ ಹುರಿದದ್ದನ್ನಾಗಲಿ ಸಿಪ್ಪೆಯ ಪುಡಿಯನ್ನಾಗಲಿ ಮನೆಯಲ್ಲಿ ಪ್ರಯೋಗಿಸದೆ ವೈದ್ಯರಲ್ಲಿಗೆ ಹೋಗಿ.