ಒಂದು ಹಾಳೆಯಲ್ಲಿ ಹಿಡಿಸದ ಟೀಚರ್

ಕಳೆದ ಮಳೆಗಾಲದಲ್ಲಿ ನಮ್ಮ ಕನ್ನಡ ಟೀಚರ್ ತೀರಿಕೊಂಡರು. 91 ವರ್ಷ ಆಗಿತ್ತು. ಸುದ್ದಿ ಬಂದು ಅರ್ಧ ಗಂಟೆ ಆಗಿರಲಿಲ್ಲ, ಅವರ ಕಿರಿ ಮಗಳ ಫೋನು. ಶಾಲೆಯಲ್ಲಿ ನನಗಿಂತ ಎರಡು ಕ್ಲಾಸು ಕೆಳಗಿದ್ದವಳು.

"ಅಕ್ಕಾ, ಅಮ್ಮನ ಜೀವನ ಚರಿತ್ರೆ ನೀವು ಬರೆದು ಕೊಡ್ಬೇಕು. ಅಮ್ಮನೇ ಹೇಳಿಟ್ಟದ್ದು. ಒಂದು ಹಾಳೆ ಮೀರಬಾರದಂತೆ."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಟೀಚರ್ ಹೋಗುತ್ತಿದ್ದ ಚರ್ಚಿನಲ್ಲಿ ಯಾರಾದರೂ ತೀರಿಕೊಂಡರೆ ಕೊನೆಯ ಆರಾಧನೆಯಲ್ಲಿ ಅವರ ಜೀವನ ಚರಿತ್ರೆ ಓದುತ್ತಾರೆ. ಹುಟ್ಟಿದ್ದು ಎಲ್ಲಿ, ಓದಿದ್ದು ಎಷ್ಟು, ಮದುವೆ, ಮಕ್ಕಳು, ಮಾಡಿದ ಕೆಲಸ. ನಮ್ಮ ಕರಾವಳಿಯಲ್ಲಿ ಚರ್ಚು, ಶಾಲೆ, ಪ್ರೆಸ್ಸು, ಹೆಂಚಿನ ಕಾರ್ಖಾನೆ ಕಟ್ಟಿದ ಬಾಸೆಲ್ ಮಿಷನ್ ಸೇರಲು ಬರುತ್ತಿದ್ದ ಜರ್ಮನಿ, ಸ್ವಿಟ್ಜರ್ಲೆಂಡಿನ ಹುಡುಗರು ಮೊದಲು ತಮ್ಮ ಜೀವನ ಚರಿತ್ರೆ ಬರೆದು ಒಪ್ಪಿಸಬೇಕಿತ್ತು ಎಂದು ಟೀಚರೇ ಒಮ್ಮೆ ಕ್ಲಾಸಿನಲ್ಲಿ ಹೇಳಿದ್ದರು. ತಮ್ಮ ಸಭೆಯವರಿಗಾಗಿ ಅವರು ಇಂಥ ಹಾಳೆಗಳನ್ನು ಎಷ್ಟು ಬರೆದರೋ ಲೆಕ್ಕ ಇಟ್ಟವರಿಲ್ಲ. ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರಿಗೂ ಒಂದು ಹಾಳೆ, ದೊಡ್ಡ ಡಾಕ್ಟರಿಗೂ ಒಂದೇ ಹಾಳೆ. ಅದು ಅವರ ಲೆಕ್ಕ.

ನಾನು ಆ ಚರ್ಚಿನವಳಲ್ಲ. ನಮ್ಮದು ದೈವಗಳ ಗರಡಿ, ಕೋಲ ಅಂತ ನಡೆದುಕೊಂಡು ಬಂದ ಮನೆ. ಆದರೂ ನನ್ನ ಹೆಸರನ್ನೇ ಹೇಳಿಟ್ಟಿದ್ದರು. ರಾತ್ರಿ ಎರಡು ಗಂಟೆಯವರೆಗೆ ಕೂತು ಬರೆದೆ. ಮರುದಿನ ಓದಿ ಆದ ಮೇಲೆ ಪಾಸ್ಟರ್ ಹತ್ತಿರ ಬಂದು "ಇದನ್ನು ಯಾರು ಬರೆದದ್ದು?" ಎಂದು ಕೇಳಿದರು. ನಾನು ಎಂದೆ. ಬ್ಯಾಂಕಿನಲ್ಲಿ 34 ವರ್ಷ ಇದ್ದೆ, ನಮ್ಮ ಕಚೇರಿಯಿಂದ ಹೋಗುವ ಕನ್ನಡ ಪತ್ರಗಳೆಲ್ಲ ನನ್ನ ಕೈಯಿಂದಲೇ ಹೋಗುತ್ತಿದ್ದವು, ಎರಡು ಪುಸ್ತಕಗಳೂ ಬಂದಿವೆ. ಆದರೆ ಆ ಒಂದು ಹಾಳೆಯಷ್ಟು ಜೋಪಾನವಾಗಿ ನಾನು ಬೇರೆ ಏನನ್ನೂ ಬರೆದಿಲ್ಲ.

ಅಲ್ಲಿ ಹಿಡಿಸದೆ ಉಳಿದದ್ದನ್ನು ನಮ್ಮ ಶಾಲೆಯ ಸಂಚಿಕೆಗೆ ಬರೆಯುತ್ತಿದ್ದೇನೆ.

ಟೀಚರ ಅಪ್ಪ ಮಂಗಳೂರಿನ ಬಲ್ಮಠದ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಹಾಗಾಗಿ ಟೀಚರ್ ಚಿಕ್ಕವರಿದ್ದಾಗಲೇ ಅಕ್ಷರ ಓದಲು ಕಲಿತದ್ದು ತಿರುಗು ಮುರುಗಾಗಿ, ಸೀಸದ ಮೊಳೆಗಳಲ್ಲಿ. ಬೋರ್ಡಿನ ಮೇಲೆ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಬರೆದು ತೋರಿಸುತ್ತಿದ್ದರು, ಅದೂ ಚಕಚಕ ಅಂತ. ನಾವು ಬಾಯಿ ಬಿಟ್ಟು ನೋಡುತ್ತಿದ್ದೆವು. ಪಾಠ ಯಾವುದಿತ್ತು, ಪದ್ಯ ಯಾವುದಿತ್ತು, ಒಂದೂ ನನಗೆ ನೆನಪಿಲ್ಲ. ಆ ಉಲ್ಟಾ ಅಕ್ಷರ ನೆನಪಿದೆ. ಜುಲೈ 1 ನೆನಪಿದೆ. 1843ರ ಆ ದಿನ ಬಾಸೆಲ್ ಮಿಷನ್ನಿನ ಪಾದ್ರಿ ಮೊಗ್ಲಿಂಗ್ ಇದೇ ಊರಿನಲ್ಲಿ ಕಲ್ಲಚ್ಚಿನಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದ್ದು, ಕನ್ನಡದ ಮೊದಲ ಪತ್ರಿಕೆ. ಅವತ್ತು ನಮಗೆ ಪಾಠ ಇರುತ್ತಿರಲಿಲ್ಲ. ಕ್ಲಾಸಿಗೊಂದು ಪತ್ರಿಕೆ, ನಾಲ್ಕು ಪುಟ, ಕೈಯಲ್ಲೇ ಬರೆಯಬೇಕು. ಸುದ್ದಿ ನಾವೇ ತರಬೇಕು. ಬಂದರಿನಲ್ಲಿ ಬಂಗುಡೆಯ ರೇಟು, ಯಾರ ಮನೆಯ ದನ ಕರು ಹಾಕಿತು, ಯಾವ ಬಸ್ಸು ಎಲ್ಲಿ ಕೆಟ್ಟು ನಿಂತಿತು. "ನೋಡದ್ದನ್ನು ಬರೀಬೇಡಿ" ಅಂತ ಒಂದೇ ಮಾತು.

ಮೇಜಿನ ಮೇಲೆ ಕಿಟ್ಟೆಲ್ ನಿಘಂಟು ಯಾವಾಗಲೂ ಇರುತ್ತಿತ್ತು. 1894ರದ್ದು, 70 ಸಾವಿರದಷ್ಟು ಶಬ್ದಗಳು, ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರ. ಯಾರಾದರೂ ಮನೆಯಿಂದ ಹೊಸ ಶಬ್ದ ತಂದರೆ "ಕಿಟ್ಟೆಲ್‌ನಲ್ಲಿ ಉಂಟಾ ನೋಡು" ಎನ್ನುತ್ತಿದ್ದರು. ಇಲ್ಲದಿದ್ದರೆ ಅವರಿಗೆ ಎಲ್ಲಿಲ್ಲದ ಖುಷಿ. ತಮ್ಮ ಉದ್ದದ ನೀಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಪಕ್ಕದಲ್ಲಿ ಶಬ್ದ ತಂದ ಹುಡುಗಿಯ ಹೆಸರು. ನನ್ನ ಹೆಸರು ಅದರಲ್ಲಿ 11 ಕಡೆ ಇದೆ. ಅಂತ್ಯಕ್ರಿಯೆ ಮುಗಿದ ಮೇಲೆ ಮಗಳು ತೋರಿಸಿದಾಗ ನಾನೇ ಎಣಿಸಿದೆ.

ಗಣಿತದ ಮಾಸ್ಟ್ರ ಬಗ್ಗೆಯೂ ಒಂದು ಮಾತು. ಬಿಳಿ ಪಂಚೆ, ಕಂಕುಳಲ್ಲಿ ಕೊಡೆ, ಸಿಟ್ಟು ಬಂದರೆ ಚಾಕ್‌ಪೀಸ್ ತೂರಿ ಬರುತ್ತಿತ್ತು. ಮಳೆಗಾಲದಲ್ಲಿ ಹೆಂಚಿನ ಮಾಡಿನಿಂದ ನೀರು ತೊಟ್ಟಿಕ್ಕುವಾಗ ಬಾಲ್ದಿ ಇಟ್ಟು, ನಿಮಿಷಕ್ಕೆ ಎಷ್ಟು ಹನಿ, ಬಾಲ್ದಿ ತುಂಬಲು ಎಷ್ಟು ಹೊತ್ತು ಅಂತ ಲೆಕ್ಕ ಕೊಟ್ಟಿದ್ದರು. ಅವರು ಬೇಗ ಹೋಗಿಬಿಟ್ಟರು, ಪಾಪ.

ಈಗ ಆ ಪತ್ರದ ಕಥೆ. 1979, ನಾನು ಎಂಟನೇ ಕ್ಲಾಸು. ಮೈದಾನಕ್ಕೆ ಸರ್ಕಸ್ ಬಂದಿತ್ತು. ಮಧ್ಯಾಹ್ನದ ಆಟಕ್ಕೆ ಟಿಕೆಟ್ ಕಡಿಮೆ. ನಾವು ಮೂವರು ಹುಡುಗಿಯರು ರಜೆ ಪತ್ರ ತಯಾರು ಮಾಡಿದೆವು. ಮೂರನ್ನೂ ಬರೆದವಳು ನಾನು, ಮೂವರಿಗೂ ಜ್ವರ. ಅಪ್ಪಂದಿರ ಸಹಿಯನ್ನೂ ನಾನೇ ಹಾಕಿದೆ. ಬೆಳಿಗ್ಗೆ ಒಬ್ಬಳ ತಮ್ಮನ ಕೈಯಲ್ಲಿ ಕೊಟ್ಟು ಕಳಿಸಿದೆವು.

ಮರುದಿನ ಟೀಚರ್ ಬೈಯಲಿಲ್ಲ. ಮೂರು ಪತ್ರವನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕೊಟ್ಟರು. ನನ್ನ ಅಪ್ಪನ ಪತ್ರಕ್ಕೆ ಹತ್ತಕ್ಕೆ ಆರು. 'ಸದರಿ ವಿದ್ಯಾರ್ಥಿನಿಯು' ಎಂದು ಬರೆದ ಕಡೆ ಗೆರೆ ಎಳೆದು, ಬದಿಯಲ್ಲಿ ಬರೆದಿದ್ದರು: 'ಜ್ವರ ಬಂದ ಮಗಳನ್ನು ಯಾವ ಅಪ್ಪ ಸದರಿ ಎನ್ನುತ್ತಾನೆ?'

ಆಮೇಲೆ ನನ್ನೊಬ್ಬಳನ್ನೇ ಕರೆದರು. "ಬೇರೆಯವರ ಹೆಸರಲ್ಲಿ ಬರೆಯಲಿಕ್ಕೆ ಬರ್ತದಲ್ಲ ನಿನಗೆ, ಶನಿವಾರ ನನ್ನ ಒಟ್ಟಿಗೆ ಬಾ ಮಗಾ" ಎಂದರು.

ಹೋದದ್ದು ವೆನ್ಲಾಕ್ ಆಸ್ಪತ್ರೆಗೆ. ಶನಿವಾರ ಮಧ್ಯಾಹ್ನ ಚರ್ಚಿನ ಸ್ತ್ರೀಯರ ಕೂಟದ ನಾಲ್ಕೈದು ಹೆಂಗಸರು ಅಲ್ಲಿಗೆ ಹೋಗುತ್ತಿದ್ದರು, ಗಂಜಿ, ಬ್ರೆಡ್ಡು, ಹಳೆ ಬಟ್ಟೆ ಹಿಡಿದುಕೊಂಡು. ಟೀಚರ ಚೀಲದಲ್ಲಿ ಮಾತ್ರ 15 ಪೈಸೆಯ ಪೋಸ್ಟ್ ಕಾರ್ಡುಗಳ ಕಟ್ಟು. ಘಟ್ಟದ ಮೇಲಿನಿಂದ, ಕಾಸರಗೋಡಿನಿಂದ ಬಂದು ಮಲಗಿದವರು, ಮನೆಗೆ ಸುದ್ದಿ ಕಳಿಸಲು ಗೊತ್ತಿಲ್ಲದವರು. ಮೊದಲ ದಿನ ನನಗೆ ಸಿಕ್ಕಿದ್ದು ಕಾಲು ಮುರಿದುಕೊಂಡ ಒಬ್ಬ ಅಜ್ಜ. ನಾನು 'ತಮಗೆ ತಿಳಿಸುವುದೇನೆಂದರೆ' ಎಂದು ಶುರು ಮಾಡಿದೆ. ಅಜ್ಜ ತಡೆದರು. "ಹಾಗೆ ಬರೆದ್ರೆ ನನ್ನ ಹೆಂಡ್ತಿ ಹೆದರ್ತಾಳೆ, ನಾನು ಸತ್ತಿದ್ದೇನೆ ಅಂತ ತಿಳೀತಾಳೆ. ಮೊದಲು ಎಮ್ಮೆ ಹೇಗಿದೆ ಅಂತ ಕೇಳು." ಎಮ್ಮೆಯಿಂದ ಶುರು ಮಾಡಿ ಕಾರ್ಡು ತುಂಬಿಸಿದೆ. ಹತ್ತನೇ ಕ್ಲಾಸು ಮುಗಿಯುವವರೆಗೆ, ಪರೀಕ್ಷೆಯ ದಿನಗಳನ್ನು ಬಿಟ್ಟು, ಶನಿವಾರ ತಪ್ಪಿಸಲಿಲ್ಲ. ಶಿಕ್ಷೆ ಯಾವಾಗ ಮುಗಿಯಿತು ಅಂತ ಟೀಚರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ನನ್ನ ಮೊಮ್ಮಗಳ ಪುಸ್ತಕದಲ್ಲೂ ಪತ್ರಲೇಖನ ಇದೆ. ಇವರಿಂದ, ಇವರಿಗೆ, ಮಾನ್ಯರೇ, ವಿಷಯ. ಎಲ್ಲಿ ಕಾಮ ಹಾಕಬೇಕು ಅಂತ ಅವಳಿಗೆ ಬಾಯಿಪಾಠ. ಪೂರ್ತಿ ಅಂಕ ಬರುತ್ತದೆ. ಆದರೆ ಇಷ್ಟು ವರ್ಷದಲ್ಲಿ ಅವಳ ಶಾಲೆ ಅವಳ ಕೈಯಿಂದ ಒಂದೇ ಒಂದು ಕಾರ್ಡು ಬರೆಸಿ ಡಬ್ಬಿಗೆ ಹಾಕಿಸಿಲ್ಲ. ಪ್ರಾಜೆಕ್ಟ್ ಅಂತ ಕೊಡುತ್ತಾರೆ, ಅಂಗಡಿಯವನು ಪ್ರಿಂಟ್ ತೆಗೆದು ಬೈಂಡ್ ಮಾಡಿ ಕೊಡುತ್ತಾನೆ, ಟೀಚರ್ ಟಿಕ್ ಹಾಕುತ್ತಾರೆ. ಮಕ್ಕಳ ತಪ್ಪು ಖಂಡಿತ ಅಲ್ಲ. ಟೀಚರುಗಳಿಗೂ ಗಣತಿ, ಚುನಾವಣೆ, ಆನ್‌ಲೈನ್ ಎಂಟ್ರಿ ಅಂತ ಉಸಿರಾಡಲು ಬಿಡುವಿಲ್ಲ. ಆದರೂ ಬೇಜಾರಾಗುತ್ತದೆ, ಅಲ್ವಾ?

ನಮ್ಮ ಟೀಚರಿಗೆ ಬಿಡುವಿತ್ತು ಅಂತಲೂ ಅಲ್ಲ. ಗಂಡ ಜೆಪ್ಪುವಿನ ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತ, ನಾಲ್ಕು ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಮಧ್ಯಾಹ್ನ ಊಟದ ಬೆಲ್ ಆದ ಕೂಡಲೇ ಸೆರಗು ಸಿಕ್ಕಿಸಿಕೊಂಡು ಮನೆಗೆ ಓಡುವುದನ್ನು ನಾವು ಗೇಟಿನಿಂದ ನೋಡುತ್ತಿದ್ದೆವು. ಅತ್ತೆಗೆ ಉಣಿಸಿ, ಮುಕ್ಕಾಲು ಗಂಟೆಯಲ್ಲಿ ವಾಪಸ್. ತಾವು ಯಾವಾಗ ಉಣ್ಣುತ್ತಿದ್ದರೋ ಗೊತ್ತಿಲ್ಲ. ಚರ್ಚಿನ ಮಾಸಪತ್ರಿಕೆಗೆ ಬರೆದದ್ದು, ಕ್ರಿಸ್ಮಸ್ಸಿಗೆ ಮಕ್ಕಳ ನಾಟಕ, ಸಂಡೇ ಸ್ಕೂಲಿನ ಹಾಡು, ಎಲ್ಲವೂ ರಾತ್ರಿ ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತು ಬರೆದದ್ದಂತೆ. ಮಗಳು ಹೇಳಿದಳು, ಆ ಕಾಗದಗಳಲ್ಲಿ ಈಗಲೂ ಅಲ್ಲಲ್ಲಿ ಅರಸಿನದ ಕಲೆ ಇದೆಯಂತೆ.

ನಮ್ಮ ಕ್ಲಾಸಿನ ಒಬ್ಬಳನ್ನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಡಿಸಿ ಮದುವೆ ಮಾಡಲು ಹೊರಟಿದ್ದರು. ಅವಳ ಮನೆ ನೇತ್ರಾವತಿಯ ಆಚೆ. ಟೀಚರ್ ಬಸ್ಸಿನಲ್ಲಿ ಹೋದರು, ನಮ್ಮಿಬ್ಬರನ್ನು ಕರೆದುಕೊಂಡು. ಅವಳ ಅಮ್ಮನ ಹತ್ತಿರ ಅಡುಗೆಮನೆಯಲ್ಲೇ ಕೂತು ತುಳುವಿನಲ್ಲಿ ಮಾತಾಡಿದರು. ಉಪದೇಶ ಮಾಡಲಿಲ್ಲ, ಕಥೆ ಹೇಳಿದರು. ಪಂಡಿತಾ ರಮಾಬಾಯಿಯ ಕಥೆ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ತಮ್ಮವರ ವಿರೋಧ ಕಟ್ಟಿಕೊಂಡ ಅನಂತ ಶಾಸ್ತ್ರಿಗಳು ಘಟ್ಟದ ಗಂಗಾಮೂಲದ ಕಾಡಿಗೆ ಹೋಗಿ ನೆಲೆಸಿದ್ದು, 1858ರಲ್ಲಿ ಅಲ್ಲೇ ಆ ಮಗು ಹುಟ್ಟಿದ್ದು, ತಾಯಿಯೇ ಮಗಳಿಗೆ ಪಾಠ ಹೇಳಿದ್ದು, ಊರೂರು ನಡೆದು ನಡೆದು ಕೊನೆಗೆ ಬರಗಾಲದಲ್ಲಿ ಅಪ್ಪ ಅಮ್ಮ ಇಬ್ಬರೂ ಹೋದದ್ದು. ಆ ಹುಡುಗಿ ಮುಂದೆ ವಿಧವೆಯರಿಗೆ ಶಾಲೆ ತೆರೆದದ್ದು, ಇಡೀ ಬೈಬಲ್ಲನ್ನು ಮರಾಠಿಗೆ ತಂದದ್ದು. ಕೊನೆಗೆ ಟೀಚರ್ ಕಿಟಕಿಯಾಚೆ ಕೈ ತೋರಿಸಿದರು. "ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಅಲ್ಲೇ. ನಿಮ್ಮ ಹಿತ್ತಲಲ್ಲಿ ಹರಿಯುವುದು ಅದೇ ನೀರು."

ಮದುವೆ ನಿಲ್ಲಲಿಲ್ಲ. ಆದರೆ ಎರಡು ವರ್ಷ ಮುಂದಕ್ಕೆ ಹೋಯಿತು, ಅವಳು ಹತ್ತನೇ ಕ್ಲಾಸು ಪಾಸಾದಳು. ಇದನ್ನು ನಾನು ಹಾಳೆಯಲ್ಲಿ ಬರೆದು ಹೊಡೆದುಹಾಕಿದೆ. ಅವಳು ಮುಂದಿನ ಸಾಲಿನಲ್ಲೇ ಕೂತಿರುತ್ತಾಳೆ ಅಂತ ಗೊತ್ತಿತ್ತು.

ರಿಟೈರ್ ಆಗುವ ಹೊತ್ತಿಗೆ, 1990ರ ಸುಮಾರಿಗೆ, ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ಶುರುವಾಗಿತ್ತು. ಆಗ ಟೀಚರ ಗಂಡ ಇರಲಿಲ್ಲ. ಮನೆಯಲ್ಲಿ ಕೂರುವ ಬದಲು ಬೀಡಿ ಕಟ್ಟುವ ಹೆಂಗಸರ ನಡುವೆ ಹೋಗಿ ಕೂತರು. ಬೀಡಿ ಕಟ್ಟುವವರಿಗೆ ಕೈ ಬಿಡುವಿಲ್ಲ, ಬಾಯಿ ಕಿವಿ ಖಾಲಿ. ಅವರು ಎಲೆ ಕತ್ತರಿಸಿ, ಸೊಪ್ಪು ತುಂಬಿ, ನೂಲು ಸುತ್ತುತ್ತಾ ಇರುವಾಗ ಇವರು ಜಗಲಿಯ ಗೋಡೆಯ ಮೇಲೆ ಮಸಿಯಿಂದ ಅಕ್ಷರ ಬರೆಯುತ್ತಿದ್ದರು. ಲ ಮತ್ತು ಳ ಬೇರೆ ಬೇರೆ ಅಂತ ಹೇಳಲು ಎಲೆ, ಎಳೆ ಎನ್ನುವ ಎರಡೇ ಶಬ್ದ ಸಾಕಾಗಿತ್ತು. ಎರಡೂ ಅವರ ಮೊರದಲ್ಲೇ ಇದ್ದವು. ಮೊದಲು ಓದಿಸಿದ್ದು ಅವರದೇ ಪಾಸ್ ಪುಸ್ತಕ. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಎಷ್ಟು ಬೀಡಿ ಕೊಟ್ಟೆ, ಎಷ್ಟು ಬರೆದುಕೊಂಡರು. ಒಬ್ಬಳು ಎರಡು ತಿಂಗಳಲ್ಲಿ ಲೆಕ್ಕದ ವ್ಯತ್ಯಾಸ ಹಿಡಿದು, ಕೇಳಿ, ಹಣ ವಾಪಸ್ ತಂದಿದ್ದಳು. ಟೀಚರ್ ನನಗೆ ಕಾರ್ಡಿನಲ್ಲಿ ಬರೆದು ತಿಳಿಸಿದ್ದರು, ಆ ಕಾರ್ಡು ನನ್ನ ಬೀರುವಿನಲ್ಲಿದೆ.

ಆ ಹೆಂಗಸು ಅಂತ್ಯಕ್ರಿಯೆಗೆ ಬಂದಿದ್ದರು. ಎಪ್ಪತ್ತು ದಾಟಿರಬೇಕು. ಮಳೆ ಹೊಯ್ಯುತ್ತಿತ್ತು, ಎಲ್ಲರೂ ಚರ್ಚಿನ ಪೋರ್ಟಿಕೋದಲ್ಲಿ ಒತ್ತಿ ನಿಂತಿದ್ದೆವು. "ಒಳಗೆ ಓದಿದ್ರಲ್ಲ, ಆ ಕಾಗದ ಒಂದು ಕೊಡ್ತೀರಾ ಅಮ್ಮಾ?" ಎಂದರು. ಓದಿ ಹೇಳಲಾ ಎಂದು ಕೇಳಿದೆ. ಬೇಡ ಎಂದರು. ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಒಂದೊಂದೇ ಶಬ್ದ ಕೂಡಿಸಿ ಮೊದಲಿನಿಂದ ಓದಿದರು. ತುಂಬಾ ಹೊತ್ತು ಹಿಡಿಯಿತು. ನಾನು ಪಕ್ಕದಲ್ಲೇ ನಿಂತಿದ್ದೆ. ಕೊನೆಯಿಂದ ಎರಡನೇ ಸಾಲಿನಲ್ಲಿ ಬೆರಳು ನಿಂತಿತು.

"ಇಲ್ಲಿ ಎಲೆಯ ಲ ಉಂಟಲ್ಲ. ಎಳೆಯ ಳ ಅಲ್ವಾ ಬರಬೇಕಾದ್ದು?"

ನೋಡಿದೆ. 'ತುಂಬು ಜೀವನ ಬಾಳಿದರು' ಎಂದು ಇರಬೇಕಾದಲ್ಲಿ 'ಬಾಲಿದರು' ಎಂದಿತ್ತು. ರಾತ್ರಿ ಟೈಪ್ ಮಾಡುವಾಗ ಶಿಫ್ಟ್ ಒತ್ತಿಲ್ಲ. ನಾನು ಮೂರು ಸಲ ಓದಿದ್ದೆ, ಮಗಳು ಓದಿದ್ದಳು, ಪಾಸ್ಟರ್ ಎಲ್ಲರೆದುರು ಓದಿದ್ದರು.

ನನ್ನ ಬ್ಯಾಗಿನಲ್ಲಿ ಕೆಂಪು ಪೆನ್ನು ಇರಲಿಲ್ಲ. ನೀಲಿಯಲ್ಲೇ ತಿದ್ದಿ ಕೊಟ್ಟೆ. ಅವರು ಅದನ್ನು ಇನ್ನೊಮ್ಮೆ ನೋಡಿ, ನಾಲ್ಕು ಮಡಿಕೆ ಮಾಡಿ, ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು, ಕೊಡೆ ಬಿಚ್ಚಿ ಬಸ್ಸಿಗೆ ಹೊರಟರು.