ಅಂಗನವಾಡಿ ಹಿತ್ತಲಿನ ನುಗ್ಗೆ

ನಮ್ಮೂರ ಅಂಗನವಾಡಿ ಹಿತ್ತಲಲ್ಲಿ ಮೊದಲು ಬರೀ ಪಾರ್ಥೇನಿಯಂ ಇತ್ತು. ಸಂಘದ ಹೆಂಗಸರೆಲ್ಲ ಸೇರಿ ಅದನ್ನು ಕಿತ್ತು ನುಗ್ಗೆ, ದಂಟು, ಬಸಳೆ ಹಾಕಿದೆವು. ಕೈ ತೊಳೆದ ನೀರನ್ನೂ ಪಾತಿಗೇ ತಿರುಗಿಸಿದೆವು.

2017ರಲ್ಲಿ ಸರ್ಕಾರದ ಮಾತೃಪೂರ್ಣ ಯೋಜನೆ ಶುರುವಾದ ಮೇಲೆ ಬಸುರಿ, ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ಅಲ್ಲೇ. ಸಾರಿಗೆ ಸೊಪ್ಪು ನಮ್ಮ ಪಾತಿಯದು. ನನ್ನ ಸೊಸೆಗೆ ಮೂರನೇ ತಿಂಗಳಲ್ಲಿ ರಕ್ತ ಕಮ್ಮಿ ಇತ್ತು, ಹಿಮೋಗ್ಲೋಬಿನ್ 9. ಕಬ್ಬಿಣದ ಮಾತ್ರೆ ತಪ್ಪಿಸಲಿಲ್ಲ, ಜೊತೆಗೆ ದಿನಾ ಸೊಪ್ಪಿನ ಊಟ. ಉಂಡ ತಕ್ಷಣ ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಮ್ಮಿ ಅಂತ ಆ ಅಭ್ಯಾಸ ಬಿಡಿಸಿದ್ದೂ ಅಲ್ಲಿನ ಹೆಂಗಸರೇ. ಮನೇಲಿ ನಾನು ಹೇಳಿದ್ದರೆ ಕೇಳುತ್ತಿದ್ದಳಾ? ಒಟ್ಟಿಗೆ ಕೂತು ಉಣ್ಣುವಾಗ ಕೇಳಿದಳು.

ಹೆರಿಗೆ ಹೊತ್ತಿಗೆ ಹಿಮೋಗ್ಲೋಬಿನ್ 11 ದಾಟಿತ್ತು. ನಿನ್ನೆ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಹೋಗಿ ಒಂದು ಮಡಿಲು ನುಗ್ಗೆಸೊಪ್ಪು ಕಿತ್ತು ಕೊಟ್ಟು ಬಂದೆ.